ನಲವತ್ತು ಬಳ್ಳಿಗೆ ಹಂಚಿದ ಪುಡಿ

ಪ್ರೀತಿಯ ತಿಮ್ಮಕ್ಕನಿಗೆ,

ನಮಸ್ಕಾರ ಆಮೇಲೆ, ಮೊದಲು ಸಿಟ್ಟು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನೆತ್ತಿದ ಕೂಡಲೇ ನೀವು "ಊಟ ಆಯ್ತಾ ಮಗಾ?" ಎನ್ನುತ್ತೀರಿ, ನನ್ನ ಸಿಟ್ಟು ಅಲ್ಲಿಗೇ ಮುಗಿಯುತ್ತದೆ. ಈ ಸಲ ಅದು ಹಾಗೆ ಮುಗಿಯಬಾರದು.

ಮೂರು ವರ್ಷದ ಹಿಂದೆ, ಕಾಳುಮೆಣಸಿನ ಸೊರಗು ರೋಗಕ್ಕೆಂದು ನಮ್ಮ ಕೃಷಿ ವಿಶ್ವವಿದ್ಯಾಲಯದ ಕೇಂದ್ರ ಒಂದು ಪುಡಿ ತಯಾರಿಸಿತು. ಅದನ್ನು ಪರೀಕ್ಷಿಸಲು ಸುಳ್ಯದ ನಿಮ್ಮ ತೋಟವನ್ನು ಆರಿಸಿದವಳು ನಾನೇ. ನಲವತ್ತು ಬಳ್ಳಿ. ಇಪ್ಪತ್ತರ ಬುಡಕ್ಕೆ ಪುಡಿ ಹಾಕಬೇಕು, ಉಳಿದ ಇಪ್ಪತ್ತಕ್ಕೆ ಏನೂ ಹಾಕಬಾರದು ಎಂದೆ. ನೀವು ತಲೆಯಾಡಿಸಿದಿರಿ. ಬಂದಾಗಲೆಲ್ಲ ಎಲೆ ಎಣಿಸಿದೆ, ಬೇರು ನೋಡಿದೆ, ನೀವು ಕೊಟ್ಟ ಹಲಸಿನ ಹಪ್ಪಳ ತಿಂದೆ. ಕೊನೆಗೆ ನೋಡಿದರೆ ಪುಡಿ ಹಾಕಿದ ಇಪ್ಪತ್ತರಲ್ಲೂ ಏಳು ಬಳ್ಳಿ ಸತ್ತಿದ್ದವು, ಹಾಕದ ಇಪ್ಪತ್ತರಲ್ಲೂ ಏಳು. ಪುಡಿಯಿಂದ ಪ್ರಯೋಜನವಿಲ್ಲ ಎಂದು ವರದಿ ಬರೆದೆ. ಕೇಂದ್ರ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು.

ಕಳೆದ ವಾರ ಬಂದಾಗ ನೀವು ಪಾತ್ರೆ ತೊಳೆಯುತ್ತಾ ಹೇಳಿದಿರಿ: "ಇನ್ನು ಹೇಳಿದ್ರೆ ಎಂತ ಆಗ್ಲಿಕ್ಕಿಲ್ಲ. ನೀನು ಕೊಟ್ಟ ಪುಡಿ ನಾನು ಅರ್ಧರ್ಧ ಮಾಡಿ ನಲ್ವತ್ತಕ್ಕೂ ಹಾಕಿದ್ದು. ಒಂದೇ ಪಂಕ್ತಿಯಲ್ಲಿ ಕೂತವ್ರಲ್ಲಿ ಅರ್ಧ ಜನಕ್ಕೆ ಬಡಿಸಿ, ಅರ್ಧ ಜನಕ್ಕೆ ಬರೀ ಎಲೆ ತೋರಿಸುದುಂಟಾ ಮಗಾ?"

ಎಂತ ಆಗಲಿಕ್ಕಿಲ್ಲ? ಆಗಬೇಕಾದ್ದೆಲ್ಲ ಆಗಿ ಹೋಗಿತ್ತು ತಿಮ್ಮಕ್ಕ! ಪುಡಿ ಹಾಕದ ಬಳ್ಳಿಯೇ ಇಲ್ಲದ ಮೇಲೆ ಹಾಕಿದ್ದನ್ನು ಯಾವುದಕ್ಕೆ ಹೋಲಿಸುವುದು? ಕಾಣಿಯೂರಿನ ಕೃಷಿಕ ಜತ್ತಪ್ಪಣ್ಣ ಈ ವರ್ಷ ಮಳೆಗೆ ಮೊದಲು ಕೇಂದ್ರಕ್ಕೆ ಬಂದು "ಆ ಪುಡಿ ಉಂಟಾ?" ಎಂದು ಕೇಳಿದ್ದರು. ಅದು ಉಪಯೋಗಕ್ಕಿಲ್ಲ ಎಂದು ನಾನೇ ಬರಿಗೈಯಲ್ಲಿ ಕಳಿಸಿದೆ. ಆಟಿ ತಿಂಗಳ ಜಡಿಮಳೆಯಲ್ಲಿ ಅವರ ಅರವತ್ತು ಬಳ್ಳಿ ಸೊರಗಿ ಹೋದವು. ಪುಡಿ ಹಾಕಿದ್ದರೆ ಉಳಿಯುತ್ತಿದ್ದವೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ತಿಳಿಯಲಿಕ್ಕೆಂದೇ ಅಲ್ಲವೇ ಎರಡು ವರ್ಷ ನಿಮ್ಮ ತೋಟಕ್ಕೆ ಅಲೆದದ್ದು?

ಆ ದಿನ ದಾರಿಯುದ್ದಕ್ಕೂ ನಿಮ್ಮನ್ನು ಬೈದೆ. ಪುತ್ತೂರು ಮುಟ್ಟುವಷ್ಟರಲ್ಲಿ ಬೈಗುಳ ನನ್ನ ಕಡೆಗೇ ತಿರುಗಿತ್ತು. ಹಾಕಬಾರದು ಎಂದೆನೇ ಹೊರತು ಯಾಕೆ ಹಾಕಬಾರದು ಎಂದು ಒಂದು ದಿನವೂ ಹೇಳಲಿಲ್ಲ. ತರಗತಿಯಲ್ಲಿ ಇದೇ ಪಾಠಕ್ಕೆ ಎರಡು ಗಂಟೆ ಕೊರೆಯುವವಳಿಗೆ ನಿಮ್ಮ ಹತ್ತಿರ ಎರಡು ನಿಮಿಷ ಕೂತು ಹೇಳಲು ಪುರುಸೊತ್ತಿರಲಿಲ್ಲ. ಹಪ್ಪಳ ತಿನ್ನಲು ಮಾತ್ರ ಇತ್ತು.

ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಬರೆದು ಕೊಟ್ಟಿದ್ದೇನೆ. "ತೋಟದವ್ರ ತಪ್ಪು ಅಂತ ಬರೆದ್ರೆ ಮುಗೀತು, ನಿಮ್ಮ ಬಡ್ತಿ ಯಾಕೆ ಹಾಳು ಮಾಡಿಕೊಳ್ಳುದು?" ಎಂದರು ಮೇಲಿನವರು. ನಾನು ಹಾಗೆ ಬರೆಯಲಿಲ್ಲ. ಜತ್ತಪ್ಪಣ್ಣನ ಮನೆಗೂ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಣಗಿದ ಬಳ್ಳಿಗಳನ್ನು ಎಳೆದು ಹಾಕುತ್ತಲೇ ಇದ್ದರು. ಬೈದಿದ್ದರೆ ಒಳ್ಳೆಯದಿತ್ತು.

ಬರುವ ಸೋಮವಾರ ನನ್ನ ತರಗತಿಗೆ ಬನ್ನಿ. ಏನು ಮಾಡಿದಿರಿ, ಯಾಕೆ ಮಾಡಿದಿರಿ, ನೀವೇ ಮಕ್ಕಳಿಗೆ ಹೇಳಿ. ಆಮೇಲೆ ಜತ್ತಪ್ಪಣ್ಣ ಮಾತಾಡುತ್ತಾರೆ, ಒಪ್ಪಿದ್ದಾರೆ. ಅದನ್ನು ನಾವಿಬ್ಬರೂ ಕೂತು ಕೇಳಬೇಕು. ಒಂದೇ ಒಂದು ಬೇಡಿಕೆ. "ಯಾಕೆ ಅಂತ ಮೇಡಂ ನಿಮಗೆ ಹೇಳಿರ್ಲಿಲ್ವಾ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ನನ್ನ ಮುಖ ನೋಡಿ ಪಾಪ ಅನ್ನಿಸಿ, "ಹೇಳಿದ್ರು" ಎನ್ನಬೇಡಿ.

ನಿಮ್ಮ ಉಳಿದ ಬಳ್ಳಿಗಳು ಚೆನ್ನಾಗಿರಲಿ, ನೀವೂ ಚೆನ್ನಾಗಿರಿ.

ಸಿಟ್ಟು ಇನ್ನೂ ಇಳಿಯದ,
ನಿಮ್ಮ ಮುಫೀದಾ