ದಯೆ ಗೆದ್ದರೆ ಸೋತವರು ಯಾರು

ಹಿರಿಯೂರು
೧೪ ಜೂನ್ ೨೦೨೪

ಪ್ರೀತಿಯ ತಮ್ಮ ಜುಂಜೇಶನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯಪ್ಪ? ಬೆನ್ನುನೋವು ಇಳಿಯಿತೇ? ಜೈಲಿನ ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಬೇಡ. ಆದಿವಾಲದಲ್ಲಿ ಅಮ್ಮ ಕ್ಷೇಮ, ಈಗೀಗ ಸರಿಯಾಗಿ ಉಣ್ಣುತ್ತಿದ್ದಾಳೆ. ನಿನ್ನೆ ನಡೆದದ್ದನ್ನು ನಿನಗೆ ಹೇಳಲೇಬೇಕೆಂದು ಬರೆಯುತ್ತಿದ್ದೇನೆ.

ಇಲ್ಲಿನ ಚರ್ಚಿನವರು ಬೈಬಲನ್ನು ನಮ್ಮ ಕಡೆಯ ಸರಳ ಕನ್ನಡಕ್ಕೆ ತರುತ್ತಿದ್ದಾರೆ. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವಳೆಂದು ಭಾಷೆ ತಿದ್ದಲು ನನ್ನನ್ನು ಕರೆದಿದ್ದರು. ನಿನ್ನೆ ಒಂದೇ ಒಂದು ವಚನದ ಮೇಲೆ ದೊಡ್ಡ ವಾದ. ದಯೆ ತೋರದವನಿಗೆ ದಯೆಯಿಲ್ಲದ ತೀರ್ಪೇ ಸಿಗುತ್ತದೆ ಎಂದು ಹೇಳಿ, ಕೊನೆಗೆ ದಯೆಯನ್ನೂ ತೀರ್ಪನ್ನೂ ಎದುರುಬದುರು ನಿಲ್ಲಿಸುವ ವಚನ ಅದು. ಮೂಲದ ಮಾತನ್ನು ‘ಗೆಲ್ಲು’ ಎಂದೂ ತಿಳಿಯಬಹುದು, ‘ಅಂಜದೆ ನಿಲ್ಲು’ ಎಂದೂ ತಿಳಿಯಬಹುದು ಎಂದರು ಪಾಸ್ಟರು. ನಾನು ಹಟ ಹಿಡಿದು ‘ದಯೆ ತೀರ್ಪನ್ನು ಗೆಲ್ಲುತ್ತದೆ’ ಎಂದೇ ಬರೆಸಿದೆ. ಯಾರನ್ನು ನೆನೆದು ಬರೆಸಿದೆನೆಂದು ನಿನಗೆ ಹೇಳಬೇಕಿಲ್ಲ.

ಅರ್ಥವಾಗುತ್ತದೋ ಇಲ್ಲವೋ ನೋಡಲು ಹೊರಗಿನ ಕೆಲವರನ್ನು ಕೂರಿಸಿ ಓದಿ ಹೇಳಿದರು. ಅವರಲ್ಲಿ ಬಬ್ಬೂರಿನ ಬಸಮ್ಮ ಎಂಬ ನಿವೃತ್ತ ಮೇಡಂ ಎದ್ದು ನಿಂತು, “ದಯೆ ಗೆದ್ರೆ ಸೋತೋರು ಯಾರಮ್ಮ? ನನ್ನ ಮಗನಾ?” ಎಂದರು. “ಆದಿವಾಲದ ಹತ್ರ ಹಾಲಿನ ವ್ಯಾನು ಗುದ್ದಿ ಹೋತು. ಅವನಿಗಿನ್ನೂ ಜೀವ ಇತ್ತು. ಡ್ರೈವರು ಆಸ್ಪತ್ರೆಗೆ ಸೇರಿಸ್ಲಿಲ್ಲ, ಓಡಿ ಹೋದ.”

ಅವರು ಯಾರೆಂದು ಆಗ ಗೊತ್ತಾಯಿತು. ಆ ತಾಯಿ ಕೋರ್ಟಿಗೆ ಒಮ್ಮೆಯೂ ಬಂದಿರಲಿಲ್ಲ, ನಾನು ಮುಖ ಕಂಡವಳಲ್ಲ. ಸುಮ್ಮನೆ ಎದ್ದು ಬರಬಹುದಿತ್ತು. ಆದರೆ “ಆ ಡ್ರೈವರು ನನ್ನ ತಮ್ಮ” ಎಂದುಬಿಟ್ಟೆ. ಬಸಮ್ಮನವರು ಕುರ್ಚಿಯ ಬೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಕಣೋ, ಬೈಯಲಿಲ್ಲ. ಏನು ಮಾಡಬೇಕೋ ತಿಳಿಯದೆ ಆ ಸಾಲನ್ನು ಹೊಡೆದುಹಾಕಿ, ‘ದಯೆ ತೀರ್ಪಿನ ಎದುರು ಅಂಜದೆ ನಿಲ್ಲುತ್ತದೆ’ ಎಂದು ಬರೆದು ಓದಿದೆ. “ಹಂಗಾದ್ರೆ ತೀರ್ಪೂ ಇರ್ತೈತೆ?” ಎಂದು ಕೇಳಿದರು. ಇರುತ್ತದೆ ಎಂದೆ. ಬ್ಯಾಗು ತೆಗೆದುಕೊಂಡು ಹೊರಟುಹೋದರು.

ಅಮ್ಮನಿಗೆ ಇನ್ನೂ ತಿಳಿಸಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಧೈರ್ಯ ಕೊಡಲಿ.

ನಿನ್ನ ಅಕ್ಕ,
ಯಶೋದಾ

ತಾ.ಕ.: ಈಗಷ್ಟೇ ಬಸಮ್ಮನವರ ಫೋನು ಬಂತು. ಇದೇ ೨೪ರ ಸೋಮವಾರ ನನ್ನ ಜೊತೆ ಚಿತ್ರದುರ್ಗದ ಜೈಲಿಗೆ, ನಿನ್ನನ್ನು ನೋಡಲು ಬರುತ್ತಾರಂತೆ. “ಶಿಕ್ಷೆ ಬಗ್ಗೆ ಮಾತಾಡಕ್ಕಲ್ಲ. ನನ್ನ ಮಗನ್ನ ಜೀವಂತ ಕಡೇಗೆ ನೋಡಿದೋನು ಅವನೊಬ್ನೆ” ಎಂದರು. ನೀನು ವ್ಯಾನಿನಿಂದ ಇಳಿದು ಹತ್ತಿರ ಹೋದಾಗ ಅವರ ಮಗ ನಿನ್ನ ಕೈ ಹಿಡಿದುಕೊಂಡಿದ್ದ, ನೀನು ಬಿಡಿಸಿಕೊಂಡು ಓಡಿದೆ ಎಂದು ನನಗೊಬ್ಬಳಿಗೇ ಹೇಳಿದ್ದೆಯಲ್ಲ, ಅದನ್ನು ಅವರಿಗೆ ನೀನೇ ಹೇಳು. ಅವರು ಕೇಳುವ ಮೊದಲೇ ಹೇಳು.