ಏಳನೇ ಪುಟದ ತೇಗು

ಅಕ್ಕಾ,

ಮಗುವಿನ ಶೀತ ಇಳಿದಿದೆ, ನನಗೆ ಮಾತ್ರ ನಿದ್ದೆಯಿಲ್ಲ. ಇಲ್ಲಿ ನಾನು ಸೂಪರ್‌ಹೀರೋ ಕಾಮಿಕ್ಸಿನ ಕಥೆ ಪುಟಪುಟವಾಗಿ ಬರೆದುಕೊಡುವುದು, ಚಿತ್ರಕಾರರು ಅದನ್ನು ಚಾಚೂ ತಪ್ಪದೆ ಬಿಡಿಸುವುದು. ಇವತ್ತು ಬೆಳಗ್ಗೆ ತೂಕಡಿಕೆಯಲ್ಲಿ ಏಳನೇ ಪುಟದ ಬದಲು, ಮಗುವನ್ನು ನೋಡಿಕೊಳ್ಳುವ ಆಯಾಗೆಂದು ಬರೆದ ಚೀಟಿಯನ್ನು ಚಿತ್ರಕಾರರ ಕೈಗೆ ಕೊಟ್ಟುಬಿಟ್ಟೆ. ಮಧ್ಯಾಹ್ನ ನೋಡಿದರೆ, ಹೀರೋ ಖಳನಾಯಕನನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟಿ ತೇಗು ಬರಿಸುತ್ತಿದ್ದಾನೆ!

"ಅಲ್ಲ ಸರ್, ಒಂದು ಮಾತು ಕೇಳಬಾರದಿತ್ತಾ?"

"ನೀನು ಆನೆಗೆ ರೆಕ್ಕೆ ಹಚ್ಚಿಸಿದ ದಿನಾನೇ ಕೇಳೋದು ಬಿಟ್ಟೆ, ತಾಯಿ."

ಕೆಲಸ ಹೋಯಿತೆಂದೇ ಅಂದುಕೊಂಡೆ. ಸಂಪಾದಕಿ ಬಿದ್ದು ಬಿದ್ದು ನಕ್ಕು, "ಹೀಗೇ ಅಚ್ಚಾಗಲಿ" ಅಂದರು. ಉಸಿರು ಬಿಟ್ಟು ಈ ಕಾರ್ಡು ಬರೆಯುತ್ತಿರುವಾಗಲೇ ಆಯಾಳ ಫೋನು: "ಚೀಟಿ ಓದಿದೆ ಅಮ್ಮಾ. ಮಗೂನ ಮಹಡಿಯಿಂದ ಹಾರಿಸೋದು ಹಾಲು ಕುಡಿಸೋಕೆ ಮುಂಚೆಯೋ, ಆಮೇಲೋ?"

ಮನೆಗೆ ಓಡುತ್ತಿದ್ದೇನೆ.

ನಿನ್ನ ತಂಗಿ