ಉಪ್ಪಿನ ಸೈಕಲ್ಲಿಗೆ ಒಂದು ಗಂಟೆ

ಗಿರಣಿಪೇಟೆ, ಫೆಬ್ರವರಿ 30, 2188

ಕೊಟ್ಟ ಮಾತು: ಪ್ರತಿ ವಾರ್ಡಿಗೂ ವಾರಕ್ಕೊಂದು ಗಂಟೆ ಊರಿನ ಧ್ವನಿಕಂಬ. ಯಾರ ಹಾಡಾದರೂ ಸರಿ, ಎಂಥ ಹಾಡಾದರೂ ಸರಿ. ಚೀಟಿ ಎತ್ತಿ ಕರೆದ ನಲವತ್ತು ಜನ ಕೇಳಿ ಒಪ್ಪಿದರೆ ಸಾಕು.

ಕೊಡದೇ ಹೋದದ್ದು: ಹತ್ತೊಂಬತ್ತನೇ ವಾರ್ಡಿನ ಹೊನ್ನೂರಿಗೆ ಆ ಒಂದು ಗಂಟೆ. ಯಾಕೆ ಕೊಡಲಿಲ್ಲ ಅಂತ ಬರೆದ ಪತ್ರಕ್ಕೆ ಉತ್ತರ. ಉತ್ತರ ಕೇಳಲು ಹೋದವರಿಗೆ ಕೂರಲು ಕುರ್ಚಿ.

ಹಿಂದಿನ ಕಾಲದ ಅಕ್ಕಂದಿರೇ, ಅಣ್ಣಂದಿರೇ, ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಿಂಗಳುಗಳಲ್ಲೂ ಮೇಲು ಕೀಳು ಬೇಡ ಅಂತ ನಮ್ಮ ಅಜ್ಜಿಯರು ಧರಣಿ ಕೂತು ಸರಿಮಾಡಿಸಿದ್ದು ಅದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ವರ್ಷಕ್ಕೊಮ್ಮೆ ಹಿಂದಿನ ಕಾಲಕ್ಕೆ ಹೋಗುವ ಟಪಾಲುಚೀಲ ನಾಳೆ ಹೊರಡುತ್ತದೆ, ತಿದ್ದಿ ಬರೆಯಲು ಪುರುಸೊತ್ತಿಲ್ಲ.

ನೀವು ಆಲ್ಬಂ ಅನ್ನುತ್ತಿದ್ದುದನ್ನು ನಾವು ಹಾಡುಕಟ್ಟು ಅನ್ನುತ್ತೇವೆ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಹಾಡು ಕೇಳುವ ಚಟ ಬಿಟ್ಟು ನೂರು ವರ್ಷವಾಯಿತು. ಬೀದಿ ಮೂಲೆಗೊಂದು ಧ್ವನಿಕಂಬವಿದೆ, ಸಂಜೆ ಅದರಡಿ ರೊಟ್ಟಿ ಬಡಿಯುತ್ತ, ಮಕ್ಕಳ ತಲೆ ಬಾಚುತ್ತ ಎಲ್ಲರೂ ಒಟ್ಟಿಗೇ ಕೇಳುತ್ತಾರೆ, ಒಟ್ಟಿಗೇ ಬೈಯುತ್ತಾರೆ. ಹಾಡುಕಟ್ಟು ಕಂಬಕ್ಕೆ ಏರುವ ಮುಂಚೆ ಕೇಳುಮನೆಯಲ್ಲಿ ನಲವತ್ತು ಜನ ಕೂತು ಕೇಳಬೇಕು. ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು ಒಂದು ಮಾತು ಹೇಳಬೇಕು, ಕೇಳುಗರ ಸಂಘದ ಕಾರ್ಯದರ್ಶಿಯಾದ ನಾನು ಅದನ್ನು ಒಂದಕ್ಷರ ಬದಲಿಸದೆ ಬರೆದುಕೊಳ್ಳಬೇಕು. ಪಕ್ಕದಲ್ಲಿ ಶ್ರವಣ ಸಮಿತಿಯ ಮೂವರು ವಿಮರ್ಶಕರು ಕಣ್ಣುಮುಚ್ಚಿ ಕೂತಿರುತ್ತಾರೆ. ಕಣ್ಣು ಮುಚ್ಚಿದರೆ ಕಿವಿ ಚುರುಕಾಗುತ್ತದೆ ಅನ್ನುವುದು ಅವರ ಶಾಸ್ತ್ರ. ಈ ಶಾಸ್ತ್ರವೇ ನಮ್ಮನ್ನು ಕೆಡಿಸಿತು.

ಇನ್ನೊಂದು ಸಂಗತಿ. ಬೀದಿ ಗುಡಿಸುವುದು ಈಗ ಒಂದು ಕೇರಿಯ ಹಣೆಬರಹ ಅಲ್ಲ. ಅದನ್ನು ನಾವು ಮುರಿದು ಎಸೆದೆವು. ಈಗ ಅದು ಪಾಳಿ. ವೈದ್ಯೆಯಾಗಲಿ, ದರ್ಜಿಯಾಗಲಿ, ಬಾಳಿನಲ್ಲಿ ಮೂರು ವರ್ಷ ಪೊರಕೆ ಹಿಡಿಯಲೇಬೇಕು. ಬೆಳಗ್ಗೆ ಐದೂವರೆಗೆ ಹಾಜರಿ ಸೀಟಿ ಊದುತ್ತದೆ, ಎರಡು ಉದ್ದ, ಒಂದು ಗಿಡ್ಡ, ಊರು ಸಾಲಾಗಿ ನಿಲ್ಲುತ್ತದೆ. ಶ್ರವಣ ಸಮಿತಿಯವರಿಗೆ ಮಾತ್ರ ವಿನಾಯಿತಿ. ದೂಳು ಹೊಕ್ಕರೆ ಕಿವಿಯ ಸೂಕ್ಷ್ಮತೆ ಹಾಳಾಗುತ್ತದಂತೆ!

ಹೊನ್ನೂರಿ ತನ್ನ ಮೂರು ವರ್ಷದ ಪಾಳಿಯಲ್ಲಿ ಕಟ್ಟಿದ್ದೇ 'ಉಪ್ಪಿನ ಸೈಕಲ್ಲು'. ಒಂಬತ್ತು ಹಾಡು. ಹೆಸರಿನ ಅರ್ಥ ಕೇಳಿದರೆ, "ನಂಗೂ ಗೊತ್ತಿಲ್ಲಕ್ಕಾ, ಕೇಳಕ್ಕೆ ಚೆನ್ನಾಗೈತೆ" ಅನ್ನುತ್ತಾಳೆ. ತಳ್ಳುಗಾಡಿಯ ಚಕ್ರದ ಕಿರುಗುಟ್ಟುವಿಕೆಯೇ ತಂಬೂರಿ. ಸಿಮೆಂಟು, ಡಾಂಬರು, ಕಲ್ಲುಹಾಸು, ಮೂರರ ಮೇಲೂ ಎಳೆದ ಪೊರಕೆಯೇ ತಾಳ. ಒಂದು ಹಾಡನ್ನು ಪೂರ್ತಿ ಬಿಕ್ಕಳಿಸುತ್ತ ಹಾಡಿದ್ದಾಳೆ. ಇನ್ನೊಂದು ಜೋಗುಳ. ಹಸಿ ಕಸ, ಒಣ ಕಸ ಬೇರೆ ಮಾಡದವರ ಮನೆ ನಂಬರುಗಳೇ ಅದರ ಸಾಹಿತ್ಯ.

ಮೊದಲು ಜನರ ಮಾತು ಕೇಳಿ. ದರ್ಜಿ ಇಮಾಂಬಿ: "ಮೊದಲನೇ ಹಾಡಿಗೆ ತಲೆನೋವು ಬಂತು, ಎರಡನೇದಕ್ಕೆ ಹೋಯ್ತು." ನಿವೃತ್ತ ಡ್ರೈವರು ಓಬಳೇಶಪ್ಪ: "ಇದು ಹಾಡೋ, ಗಾಡಿ ರಿಪೇರಿಯೋ? ಏನರ ಆಗ್ಲಿ, ಇನ್ನೊಂದ್ಸಲ ಹಾಕ್ರವ್ವ." ಒಬ್ಬ ಪುಟ್ಟ ಹುಡುಗಿ, ಕಪ್ಪೆ ಯಾಕೆ ಅಳ್ತು ಅಂತ ಕೇಳಿದಳು. ಅದು ಕಪ್ಪೆಯಲ್ಲ, ಹೊನ್ನೂರಿಯ ಆಲಾಪ. ಜೋಗುಳದಲ್ಲಿ ತನ್ನ ಮನೆ ನಂಬರು ಕೇಳಿದ ಮಹಾಶಯನೊಬ್ಬ ಮಾತ್ರ, "ರಾಗ ಒಳ್ಳೇದು, ವಿಳಾಸ ಸರಿಯಿಲ್ಲ" ಅಂದ. ನೆರೆದವರು ಬಿದ್ದು ಬಿದ್ದು ನಕ್ಕರು.

ವಿಮರ್ಶಕರು ನಗಲಿಲ್ಲ. ಹಿರಿಯರಾದ ಅಮರೇಂದ್ರ ದೇಸಾಯರು ಬರೆದರು: "ಇದರಲ್ಲಿ ಶ್ರುತಿಯಿಲ್ಲ, ಲಯವಿಲ್ಲ, ಲಜ್ಜೆಯೂ ಇಲ್ಲ." ಹೊನ್ನೂರಿ 'ಲಜ್ಜೆಯೂ ಇಲ್ಲ' ಅನ್ನುವುದನ್ನು ದಪ್ಪಕ್ಷರದಲ್ಲಿ ತನ್ನ ಗಾಡಿಗೆ ಬರೆಸಿಕೊಂಡಳು. ಎರಡನೆಯವರು ಹೊಗಳಿದರು, ಅದು ಇನ್ನೂ ಕಷ್ಟ: "ನಗರಾಸ್ತಿತ್ವದ ಅನಂತ ವಿಷಾದ." ಹೊನ್ನೂರಿ ತಬ್ಬಿಬ್ಬಾದಳು. "ವಿಷಾದ ಎಲ್ಲಿಂದ ಬಂತಕ್ಕಾ? ನಾನು ನಗ್ತಾ ನಗ್ತಾ ಹಾಡಿದ್ದು!" ಮೂರನೆಯವರು ನಿದ್ದೆ ಹೋಗಿದ್ದರು, ಸಹಿ ಹಾಕಿದರು.

ಎಡವಟ್ಟಾದದ್ದು ಐದನೇ ಹಾಡಿನಲ್ಲಿ. ಅದು ಶುರುವಾಗುವುದೇ ಹಾಜರಿ ಸೀಟಿಯಿಂದ. ಎರಡು ಉದ್ದ, ಒಂದು ಗಿಡ್ಡ. ಸೀಟಿ ಊದಿದ್ದೇ ತಡ, ನಲವತ್ತು ಜನವೂ ದಡಕ್ಕನೆ ಎದ್ದು ಅಂಗಳಕ್ಕೆ ನಡೆದರು! ಪಾಳಿ ಮುಗಿಸಿ ಇಪ್ಪತ್ತು ವರ್ಷವಾದ ಓಬಳೇಶಪ್ಪನೂ ಚಪ್ಪಲಿ ಬಿಟ್ಟು ಓಡಿದ. ಅಮ್ಮನ ಸೆರಗು ಹಿಡಿದು ಆ ಪುಟ್ಟ ಹುಡುಗಿಯೂ ಹೋದಳು. ಸಾಲಾಗಿ ನಿಂತರು, ಕೈ ಎತ್ತಿದರು, "ಬಂದೀನಿ, ಬಂದೀನಿ" ಅಂತ ಕೂಗಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು, ಅಲ್ಲೇ ನಿಂತು ಮಿಕ್ಕ ಹಾಡು ಕೇಳಿ ಕುಣಿದರು, ನಾನು ಬರೆದುಕೊಂಡ ಮಾತುಗಳನ್ನೂ ಅಲ್ಲೇ ಅಂಗಳದಲ್ಲೇ ಹೇಳಿದರು. ಒಳಗೆ ದೇಸಾಯರು ಕಣ್ಣು ತೆರೆದರೆ ನಲವತ್ತು ಖಾಲಿ ಮಣೆ. ಬಾಗಿಲ ತನಕ ಬಂದು ನೋಡಿದ್ದರೆ ಸಾಕಿತ್ತು, ಬರಲಿಲ್ಲ. "ಶ್ರೋತೃಗಳು ಸಹಿಸಲಾರದೆ ಸಭಾತ್ಯಾಗ ಮಾಡಿದರು" ಅಂತ ವರದಿ ಬರೆದರು. ನಾನು ಬರೆದುಕೊಂಡ ನಲವತ್ತು ಮಾತು ಕಸದ ಬುಟ್ಟಿಗೆ ಹೋಯಿತು, ಗಂಟೆ ಕೈತಪ್ಪಿತು. ಸೀಟಿ ಕೇಳಿ ಎದ್ದು ನಿಲ್ಲದವರು ಊರಲ್ಲಿ ಆ ಮೂವರೇ. ಜೀವಮಾನದಲ್ಲಿ ಒಂದು ದಿನ ಪೊರಕೆ ಹಿಡಿದಿದ್ದರೆ ಕಣ್ಣು ಮುಚ್ಚಿದ್ದಾಗಲೇ ಅವರ ಕಾಲು ಎದ್ದು ನಿಲ್ಲುತ್ತಿತ್ತು!

ಮೇಲ್ಮನವಿ ಹಾಕಿದ್ದೇವೆ. ಎರಡನೇ ಸಲವೂ ಸೋತರೆ ಹಾಡುಕಟ್ಟನ್ನು ಅಳಿಸಿಹಾಕುವುದು ನಿಯಮ. ಹೊನ್ನೂರಿಯ ಮೂರು ವರ್ಷ ಒಂದೇ ಗುಂಡಿ ಒತ್ತಿದರೆ ಹೋಗುತ್ತದೆ. ಸಮಿತಿ ಈಗ ಹೊಸ ಕ್ಯಾತೆ ತೆಗೆದಿದೆ: ಸೀಟಿ, ಪೊರಕೆಗಳ ಜೊತೆ ಯಾವ ಪೂರ್ವಿಕರೂ ಹಾಡಿದ ದಾಖಲೆ ಇಲ್ಲವಂತೆ, ಆದ್ದರಿಂದ ಅದು ಸಂಗೀತವೇ ಅಲ್ಲವಂತೆ. ಪೂರ್ವಿಕರು ಅಂದರೆ ಯಾರು? ನೀವು! ನೀವು ಗುಡಿಸುತ್ತ ಹಾಡಲಿಲ್ಲ ಅಂದರೆ ನಾನು ನಂಬುವುದಿಲ್ಲ. ನಿಮ್ಮ ಹಾಡನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

ಅದಕ್ಕೇ ಈ ಕಾಗದ. ನಿಮ್ಮ ಮುಂಜಾನೆಯ ಸೀಟಿ, ಪೊರಕೆ, ಅದರ ಜೊತೆ ನೀವು ಗುನುಗುವುದು, ಬೈಯುವುದು, ನಗುವುದು, ಎಲ್ಲವನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿ. ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಹಳೇ ಗಿರಣಿಯ ಚಿಮಣಿ ಬುಡದಿಂದ ಪೂರ್ವಕ್ಕೆ ಮೂರು ಹೆಜ್ಜೆಯಲ್ಲಿ ಹೂತಿಡಿ. ಚಿಮಣಿ ಇನ್ನೂ ನಿಂತಿದೆ. ಹಾಡು ಕೇಳಿ ಕೆಳಗೆ ಕಾಮೆಂಟು ಬರೆಯುವ ತಮ್ಮಂದಿರೇ, ತಂಗಿಯರೇ, ಅರ್ಥವಾಗಲಿಲ್ಲ ಅಂತ ಧಾರಾಳವಾಗಿ ಬರೆಯಿರಿ, ಅದು ಪ್ರಾಮಾಣಿಕ ಮಾತು. ಇದು ಹಾಡೇ ಅಲ್ಲ ಅಂತ ಬರೆಯುವ ಮುಂಚೆ ಮಾತ್ರ ಎದ್ದು ಬಾಗಿಲ ತನಕ ಹೋಗಿ ನೋಡಿ, ಹೊರಗೆ ಯಾರಾದರೂ ಕುಣಿಯುತ್ತಿರಬಹುದು.

ನಿಮ್ಮ ಡಬ್ಬಿ ಸಿಕ್ಕರೆ ಸಮಿತಿಯ ಮೇಜಿನ ಮೇಲಿಡುತ್ತೇವೆ. ಸಿಗದಿದ್ದರೆ ಸಾವಿರ ಜನ ಹೋಗಿ ಆ ಮೇಜಿನ ಮುಂದೆಯೇ ಒಂಬತ್ತೂ ಹಾಡು ಹಾಡುತ್ತೇವೆ.

ಡಬ್ಬಿಗಾಗಿ ಚಿಮಣಿ ಬುಡದಲ್ಲಿ ಅಗೆತ: ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಆರು ಗಂಟೆ. ಮೇಲ್ಮನವಿ ಸಭೆ: ಅದೇ ದಿನ ಬೆಳಗ್ಗೆ ಹತ್ತೂವರೆ, ಕೇಳುಮನೆಯ ಅಂಗಳ.

ಗಾಳೆಮ್ಮ
ಕಾರ್ಯದರ್ಶಿ, ಗಿರಣಿಪೇಟೆ ಕೇಳುಗರ ಸಂಘ